ತೋರಿಸಲು ಏನೂ ಇಲ್ಲದ ತುರಿಕೆ

ಅಕ್ಕ ತುರಿಕೆಯಿಂದ ಸತ್ತಳು ಎಂದು ನಮ್ಮೂರಿನಲ್ಲಿ ಈಗ ಎಲ್ಲರೂ ಹೇಳುತ್ತಿದ್ದಾರೆ. ಸುಳ್ಳು. ಆಕೆ ಸತ್ತದ್ದು ಹೃದಯ ನಿಂತು. ಬೆಳಗ್ಗೆ ಹಸುವಿಗೆ ಹುಲ್ಲು ಹಾಕಿ ಬಂದು ಜಗಲಿಯ ಕಂಬಕ್ಕೆ ಒರಗಿ ಕುಳಿತವಳು ಮತ್ತೆ ಏಳಲಿಲ್ಲ. ಆದರೆ ಸಾವಿನ ಮನೆಗೆ ಬಂದವರು ಹೆಣ ಎತ್ತುವುದಕ್ಕೂ ಮೊದಲೇ ಕಾರಣವನ್ನು ತೀರ್ಮಾನಿಸಿ ಮುಗಿಸಿದ್ದರು. "ಪಾಪ, ಆ ತುರ್ಕೆ ತಿಂದಾಕ್ಬುಡ್ತು ಕಣಪ್ಪ" ಎಂದು ಒಬ್ಬ ಹೇಳಿದ. ಪಕ್ಕದವನು ತಲೆಯಾಡಿಸಿದ. ಅಲ್ಲಿಗೆ ಅದು ಇತಿಹಾಸವಾಯಿತು.

ಎಲ್ಲರೂ ಒಂದೇ ದನಿಯಲ್ಲಿ ಹೇಳುವ ಮಾತನ್ನು ನಾನು ನಂಬುವುದಿಲ್ಲ. ಅದು ನನ್ನ ಹಟ ಎಂದು ಮನೆಯವರು ಹೇಳುತ್ತಾರೆ, ಇರಲಿ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟು, ಪಿರಿಯಾಪಟ್ಟಣದ ರಸ್ತೆಗೆ ಮುಖ ಮಾಡಿದ ಸಣ್ಣ ಅಂಗಡಿಯಲ್ಲಿ ಬಟ್ಟೆ ಹೊಲಿಯುತ್ತಲೇ ವಯಸ್ಸಾದವನು ನಾನು. ಪಾಠ ಹೇಳುವವರಿಲ್ಲದೆ ಓದಿದವನಿಗೆ ಒಂದು ಅನುಕೂಲವಿದೆ. ಪುಸ್ತಕದ ಮಾತೂ ಸೇರಿ, ಯಾರ ಮಾತನ್ನೂ ವಿಚಾರಿಸದೆ ಒಪ್ಪಿಕೊಳ್ಳುವ ಅಭ್ಯಾಸ ಬೆಳೆಯುವುದಿಲ್ಲ.

ಆಕೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಕೊನೆಯ ವರ್ಷಗಳಲ್ಲಿ ಊರು ಆ ಹೆಸರಿಗೆ ಇನ್ನೊಂದು ಪದವನ್ನು ಅಂಟಿಸಿತ್ತು. ಹೆಸರು ಬರೆದರೆ ನಮ್ಮ ಕಡೆಯ ಓದುಗರ ಬಾಯಿಗೆ ಆ ಪದವೂ ತಾನಾಗಿಯೇ ಬಂದುಬಿಡುತ್ತದೆ. ನನಗೆ ಆಕೆ ಅಕ್ಕ. ರಕ್ತಸಂಬಂಧವೇನಲ್ಲ, ಅಂಗಡಿಯ ಎದುರು ಮನೆಯವಳು, ನನಗಿಂತ ಸ್ವಲ್ಪ ಹಿರಿಯಳು. ಅಷ್ಟು ಸಾಕು.

ಊರು ಆಕೆಯನ್ನು ಮೊದಲು ಬಲ್ಲದ್ದು ಮುದ್ದೆಯಿಂದ. ನಮ್ಮ ಕಡೆ ಮದುವೆಯ ಬಾಡೂಟವಿರಲಿ, ತಿಥಿಯ ಊಟವಿರಲಿ, ನಾವು ಹಿಟ್ಟು ಎನ್ನುವ ಆ ಮುದ್ದೆ ಚೆನ್ನಾಗಿ ಬರದಿದ್ದರೆ ಸಾರು ಎಷ್ಟೇ ರುಚಿಯಾಗಿದ್ದರೂ ಊಟ ಕೆಟ್ಟಿತೆಂದೇ ಅರ್ಥ. ಕುದಿಯುವ ಎಸರಿಗೆ ರಾಗಿಹಿಟ್ಟು ಸುರಿದು, ಹಂಡೆಯನ್ನು ಕವೆಗೋಲಿನಿಂದ ಅದುಮಿ ಹಿಡಿದು, ದಪ್ಪ ಕೋಲಿನಲ್ಲಿ ತಿರುವುವುದು ಗಂಡಸರ ಕೆಲಸ. ಆಮೇಲೆ ಆ ಬಿಸಿ ರಾಶಿಯನ್ನು ಹಲಗೆಯ ಮೇಲೆ ಕೆಡವಿದಾಗ ಮುದ್ದೆ ಕಟ್ಟಲು ಕೂರುವವರಲ್ಲಿ ಮೊದಲ ಜಾಗ ಅಕ್ಕನದು. ಆ ಜಾಗಕ್ಕೆ ಯಾರೂ ಕರೆಯಬೇಕಾಗಿರಲಿಲ್ಲ. ಸೆರಗು ಸಿಕ್ಕಿಸಿಕೊಂಡು ತಾನೇ ಬಂದು ಕೂರುತ್ತಿದ್ದಳು. ಉಳಿದವರು ಪ್ರತಿ ಮುದ್ದೆಗೂ ತಣ್ಣೀರಿಗೆ ಕೈ ಅದ್ದುತ್ತಿದ್ದರೆ, ಅಕ್ಕ ಹೆಸರಿಗೆ ಮಾತ್ರ ಬೆರಳು ಒದ್ದೆ ಮಾಡಿಕೊಂಡು, ಹಬೆಯೊಳಗೆ ಮೊಣಕೈವರೆಗೂ ತೋಳು ಚಾಚಿ, ರಾಶಿಯ ನಡುವಿನ ಕೆಂಡದಂಥ ಭಾಗಕ್ಕೇ ಕೈ ಹಾಕುತ್ತಿದ್ದಳು. ಅದನ್ನು ಕಂಡು ಹೆಂಗಸರು ಮೂಗು ಮುರಿಯುವರು: "ನಮ್ಗಿಲ್ದೇ ಇರೋ ಕೈ ಇವ್ಳಿಗೇನ್ ದೇವ್ರು ಕಬ್ಣದಲ್ ಮಾಡವ್ನಾ? ಎಲ್ಲ ತೋರ್ಕೆ!"

ಒಂದು ಮದುವೆಯಲ್ಲಿ ಗಂಡಿನ ಕಡೆಯವನೊಬ್ಬ ಮುದ್ದೆ ಚಿಕ್ಕದಾಯಿತೆಂದು ಕೊಂಕು ತೆಗೆದ. ಅಕ್ಕ ಕೈಯಲ್ಲಿ ಹಬೆಯಾಡುವ ಹಿಟ್ಟು ಹಿಡಿದೇ ಎದ್ದು ಬಂದು, "ಹೊಟ್ಟೆ ತೋರ್ಸಪ್ಪ, ನಮ್ ಟೈಲರ್ ಇಲ್ಲೇ ಕೂತವ್ನೆ, ಅಳ್ತೆ ತಗೊಂಡು ಕಟ್ಕೊಡ್ತೀನಿ" ಎಂದಳು. ಪಂಕ್ತಿಯೆಲ್ಲ ನಕ್ಕಿತು. ಆ ಮನುಷ್ಯ ಆಮೇಲೆ ಎರಡನೆಯ ಮುದ್ದೆಯನ್ನು ಕೇಳಿ ಹಾಕಿಸಿಕೊಂಡ.

ತುರಿಕೆ ಹೊಗೆಸೊಪ್ಪಿನಿಂದ ಆರಂಭವಾಯಿತು. ಹುಣಸೂರು, ಪಿರಿಯಾಪಟ್ಟಣದ ಕಡೆ ಸೊಪ್ಪು ಬೇಯಿಸುವ ಕಾಲದಲ್ಲಿ ಹೆಂಗಸರು ಎಲೆಗೆ ಕಾವು ಕೊಟ್ಟು ಒಣಗಿಸುವ ಮನೆಗಳಾದ ಬ್ಯಾರನ್‌ಗಳ ಮುಂದೆ ಕುಳಿತು ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಾರೆ. ಕೈಗೆ ಕಪ್ಪು ಅಂಟು ಹತ್ತುತ್ತದೆ. ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಹರಾಜಿನಲ್ಲಿ ಸೊಪ್ಪಿಗೆ ಬಂದ ಬೆಲೆಯ ಬಗ್ಗೆ ಊರೆಲ್ಲ ಮಾತನಾಡುತ್ತದೆ, ಆ ಕೈಗಳ ಬಗ್ಗೆ ಮಾತನಾಡಿದವರನ್ನು ನಾನು ಕಂಡಿಲ್ಲ. ಒಂದು ವರ್ಷ ಅಕ್ಕನ ಮುಂಗೈ ಮೇಲೆಲ್ಲ ಗುಳ್ಳೆಗಳೆದ್ದವು. ಬ್ಯಾರನ್ ಕೆಲಸ ಬಿಟ್ಟಳು. ಗುಳ್ಳೆ ಒಣಗಿದವು, ಸಿಪ್ಪೆ ಉದುರಿತು, ಚರ್ಮ ಮೊದಲಿನಂತಾಯಿತು. ತುರಿಕೆ ಮಾತ್ರ ಹೋಗಲಿಲ್ಲ. ವರ್ಷಗಳು ಕಳೆದರೂ ಹೋಗಲಿಲ್ಲ.

ಒಂದು ದಿನ ಬಟ್ಟೆಯ ತುಂಡು ಹಿಡಿದು ಅಂಗಡಿಗೆ ಬಂದಳು.

"ಲೋ ತಮ್ಮ, ಈ ರವ್ಕೆನ ತಿರುಗ್ಸಿ ಹೊಲ್ಕೊಡ್ಲಾ."

"ತಿರುಗ್ಸಿ ಅಂದ್ರೆ ಎಂಗಕ್ಕ?"

"ಹೊಲ್ಗೆ ಎಲ್ಲ ಈಚೆ ಕಡೆ ಬರ್ಬೇಕು. ತೋಳಿಗೆ ದಾರ ತಾಗುದ್ರೆ ಸಾಕು, ಜೀವ ಓದಂಗಾಯ್ತದೆ."

"ಕಂಡೋರು ನಗ್ತಾರೆ ಕಣಕ್ಕ."

"ನಗ್ಲಿ ಬುಡು. ನಾನು ಕೆರ್ಕೊಳದು ನೋಡಿ ನಗದ್ಕಿಂತ ರವ್ಕೆ ನೋಡಿ ನಕ್ರೆ ವಾಸಿ."

ಅಂದಿನಿಂದ ಆಕೆಯ ರವಿಕೆಗಳನ್ನೆಲ್ಲ ಹೊಲಿಗೆ ಹೊರಗಿಟ್ಟೇ ಹೊಲಿದೆ. ತೋಳನ್ನು ಮೊಣಕೈ ದಾಟಿಸಿ ಸಡಿಲವಾಗಿ ಬಿಡುತ್ತಿದ್ದೆ. ಹೊರಗೆ ಕಾಣುವ ಹೊಲಿಗೆಯನ್ನು ಅಂಚು ಮಡಿಸಿ ಅಂದಗೊಳಿಸುತ್ತಿದ್ದೆ. ಅದಕ್ಕೂ ಜನ ನಕ್ಕರು. ಅವಸರಕ್ಕೆ ತಿರುವುಮುರುವು ಹಾಕಿಕೊಂಡು ಬಂದಿದ್ದಾಳೆಂದರು. ಬುದ್ಧಿ ನೆಟ್ಟಗಿಲ್ಲವೆಂದೂ ಹೇಳಿದರು.

ಹುಣಸೂರಿನ ಒಬ್ಬ ಡಾಕ್ಟರು ತೋಳನ್ನು ಬೆಳಕಿಗೆ ಹಿಡಿದು ನೋಡಿದರು. "ಇಲ್ಲೇನೂ ಇಲ್ವಲ್ಲಮ್ಮ. ಮನಸ್ಸಿಗೆ ಏನಾದ್ರೂ ಬೇಜಾರಿದ್ಯಾ?" ಎಂದು ಕೇಳಿದರು. "ಐತೆ ಸಾ, ತುರಿಸ್ತದೆ ಅಂತ ಬೇಜಾರು" ಎಂದಳು ಅಕ್ಕ. ಡಾಕ್ಟರು ನಗಲಿಲ್ಲ. ನಿದ್ದೆಯ ಮಾತ್ರೆ ಬರೆದರು. ಮಿರ್ಲೆ ಕಡೆಯ ಶಾಸ್ತ್ರ ಹೇಳುವವನೊಬ್ಬ ಕವಡೆ ಹಾಕಿ ನಾಗದೋಷವೆಂದ. "ನನ್ ಜಲ್ಮದಲ್ಲಿ ಹಾವಿಗೆ ಕಲ್ಲು ಹೊಡ್ದೋಳಲ್ಲ, ಹೊಡ್ದೋರೆಲ್ಲ ಚೆನ್ನಾಗೇ ಅವ್ರೆ" ಎಂದು ಎದ್ದು ಬಂದಳು. ಕೊಪ್ಪದಿಂದ ಯಾರೋ ತಂದುಕೊಟ್ಟ ಕಪ್ಪು ಗುಳಿಗೆಗಳನ್ನೂ ನುಂಗಿದಳು. ಬೇವಿನೆಣ್ಣೆ, ಅರಿಶಿನ, ಸುಣ್ಣದ ತಿಳಿ, ಯಾವುದನ್ನೂ ಬಿಡಲಿಲ್ಲ.

ನನ್ನ ಸಿಟ್ಟಿನ ಬುಡ ಇರುವುದು ಇಲ್ಲಿ. ಚರ್ಮದಲ್ಲಿ ಏನೂ ಕಾಣುವುದಿಲ್ಲವಾದ್ದರಿಂದ ಡಾಕ್ಟರು ಆಕೆಯ ತುರಿಕೆಯನ್ನು ನಂಬಲಿಲ್ಲ. ಚರ್ಮದಲ್ಲಿ ಏನೋ ಇದೆಯೆಂದು ಊರು ಬಲವಾಗಿ ನಂಬಿತು. ಒಂದಕ್ಕೊಂದು ವಿರುದ್ಧವಾದ ಎರಡು ತೀರ್ಪುಗಳೂ ಒಬ್ಬಳ ತಲೆಯ ಮೇಲೆಯೇ ಬಿದ್ದವು. ಎರಡರಲ್ಲಿ ಒಂದಾದರೂ ತಪ್ಪಿರಬೇಕಲ್ಲವೇ ಎಂದು ಯಾರಿಗೂ ತೋಚಲಿಲ್ಲ.

ಊರಿನ ತೀರ್ಪು ಜಾರಿಯಾದದ್ದು ಹೊಸ ಮನೆಯೊಂದರ ಒಕ್ಕಲಿನ ಊಟದ ದಿನ. ಎಂದಿನಂತೆ ಅಕ್ಕ ಹಲಗೆಯ ಮುಂದೆ ಬಂದು ಸೆರಗು ಸಿಕ್ಕಿಸಿಕೊಂಡಳು. ಊರಿನ ಯಜಮಾನರು, ನ್ಯಾಯ ಪಂಚಾಯಿತಿ ಹೇಳುವವರು, ಕುರ್ಚಿಯಿಂದಲೇ ಕೈ ಎತ್ತಿದರು.

"ನೀನು ಬುಡವ್ವ. ಈ ಸಲ ಬೇರೇರು ಕಟ್ತಾರೆ."

"ಯಾಕೆ ಯಜಮಾನ್ರೆ? ನನ್ ಹಿಟ್ಟಲ್ಲಿ ಗಂಟು ಸಿಕ್ತಾ?"

"ಗಂಟಲ್ಲ ಕಣವ್ವ. ನೀನು ದಿನಾ ಕೆರ್ಕೊಳದು ಜನ ನೋಡ್ತಾರೆ. ಅದು ಅಂಟ್ಕೊಳದು ಅಂತಾರೆ. ನಾಕ್ ಜನ ಉಣ್ಣೋ ಜಾಗ."

ಅಕ್ಕ ಎರಡೂ ತೋಳನ್ನು ಅವರ ಮುಖದ ಮುಂದೆ ಚಾಚಿದಳು. ಮಧ್ಯಾಹ್ನದ ಬಿಸಿಲು ಬೀಳುತ್ತಿತ್ತು. ಒಂದು ಗುಳ್ಳೆಯಿಲ್ಲ, ಕಲೆಯಿಲ್ಲ.

"ಎಲ್ಲೈತೆ? ತೋರ್ಸಿ ಯಜಮಾನ್ರೆ."

ಯಜಮಾನರು ನೋಡಲಿಲ್ಲ. ಮುಖ ತಿರುಗಿಸಿ, "ಹಿಟ್ಟು ಆರೋಗ್ತದೆ, ಯಾರ್ರಪ್ಪ ಕೂತ್ಕೊಳೋರು, ಕೂತ್ಕೊಳಿ" ಎಂದರು. ಅಕ್ಕನ ಜಾಗದಲ್ಲಿ ಆಕೆಯ ನಾದಿನಿಯೇ ಕುಳಿತಳು. ನಾನು ಅಲ್ಲಿಯೇ ಜಗಳ ತೆಗೆದೆ. ಹೊಸ ಮನೆಯವರು ಶುಭದ ದಿನ ರಂಪ ಬೇಡವೆಂದು ಕೈ ಮುಗಿದರು. ಅಕ್ಕ ಊಟ ಮಾಡದೆ ಹೊರಟಳು; ನಾನೂ ಹಿಂದೆಯೇ ಹೊರಟೆ.

ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಆಕೆ ಹೇಳಿದ್ದು, ಅಲ್ಲಿಯವರೆಗೆ ನನಗೂ ಗೊತ್ತಿಲ್ಲದ ಸಂಗತಿ. "ಕೈ ಸುಟ್ಕೊಳದು ತೋರ್ಕೆ ಅಂತಿದ್ರಲ್ಲ ಇವ್ರು, ಆ ಬಿಸಿ ತಾಗ್ತಿದ್ದಂಗೆ ತುರ್ಕೆ ಗಪ್ಪಂತ ಕೂತ್ಕೊಳದು ಕಣ್ಲಾ. ಒಂದು ಹಂಡೆ ಹಿಟ್ಟು ಕಟ್ಟಿ ಎದ್ರೆ ಆವತ್ತೊಂದ್ ಹೊತ್ತು ನಾನು ಮನ್ಸಳು."

ನೋವು ತುರಿಕೆಯನ್ನು ಅದುಮುತ್ತದೆ ಎಂಬುದು ಆಮೇಲೆ ಓದಿ ತಿಳಿಯಿತು. ಎಂದರೆ ಊರು ಅಂದು ಕಿತ್ತುಕೊಂಡದ್ದು ಮರ್ಯಾದೆಯನ್ನು ಮಾತ್ರವಲ್ಲ, ಆಕೆಗೆ ಉಳಿದಿದ್ದ ಒಂದೇ ಔಷಧಿಯನ್ನು. ಬಿಸಿನೀರು ಮನೆಯಲ್ಲೂ ಇತ್ತಲ್ಲ ಎನ್ನುವವರಿಗೆ ನಾನು ಉತ್ತರ ಕೊಡುವುದಿಲ್ಲ. ಪಂಕ್ತಿಯ ಮುಂದೆ ಆ ಜಾಗದಲ್ಲಿ ಕೂರುವುದು ಒಲೆಯ ಹಂಡೆಯಲ್ಲಿ ಸಿಗುವುದಿಲ್ಲ.

ಅಂದಿನಿಂದ ಓದತೊಡಗಿದೆ. ಗ್ರಂಥಾಲಯದಲ್ಲಿ ಸಿಕ್ಕಿದ್ದು ಕಡಿಮೆ. ಮೊಬೈಲಿನಲ್ಲಿ, ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, ಇಂಗ್ಲಿಷಿನಲ್ಲಿ ಒಂದೊಂದೇ ವಾಕ್ಯ ಬಿಡಿಸಿ ಓದಿದೆ. ತಿಳಿದದ್ದು ಇಷ್ಟು. ತುರಿಕೆಯ ಸುದ್ದಿಯನ್ನು ಚರ್ಮದಿಂದ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ನರಗಳು ಒಯ್ಯುತ್ತವೆ. ಆ ನರಕೋಶಗಳ ಸುತ್ತ ಬೇರೆ ಜಾತಿಯ ಕೋಶಗಳಿವೆ: ನರಕ್ಕೆ ಆಹಾರ ಒದಗಿಸುವವು, ಕಸ ತೆಗೆಯುವವು, ಕಾವಲು ಕಾಯುವವು. ಆಸರೆ ಕೋಶಗಳು ಎನ್ನೋಣ. ಪಂಡಿತರು ಅವುಗಳಿಗೆ ಇಟ್ಟ ಗ್ಲಿಯಾ ಎಂಬ ಹೆಸರಿನ ಅರ್ಥ ಅಂಟು. ನರಗಳನ್ನು ಹಿಡಿದಿಡುವ ಬರಿಯ ಅಂಟೆಂದು ಬಹಳ ಕಾಲ ಬಗೆದಿದ್ದರಂತೆ. ಸದ್ದು ಮಾಡುವ ನರಗಳನ್ನೇ ಆಲಿಸುತ್ತ ಕುಳಿತವರಿಗೆ ಪಕ್ಕದಲ್ಲಿ ಸುಮ್ಮನೆ ಕಂಡವುಗಳ ಕೆಲಸ ಕಾಣಲಿಲ್ಲ. ತಿಳಿದವರೂ ನಮ್ಮೂರಿನವರಂತೆಯೇ ನೋಡುತ್ತಾರೆ!

ತುರಿಕೆ ಬಹುಕಾಲ ಮುಂದುವರಿದರೆ ಬೆನ್ನುಹುರಿಯೊಳಗಿನ ಈ ಆಸರೆ ಕೋಶಗಳು ಕೆರಳುತ್ತವೆ. ಕೆರಳಿ ತಾವೇ ಕೆಲವು ರಸಗಳನ್ನು ಬಿಡುತ್ತವೆ. ತುರಿಕೆಯ ಸಣ್ಣ ಸುದ್ದಿ ಆ ರಸದಿಂದ ದೊಡ್ಡದಾಗುತ್ತದೆ. ಕೆರೆದುಕೊಂಡಷ್ಟೂ ಅವು ಕೆರಳುತ್ತವೆ, ಅವು ಕೆರಳಿದಷ್ಟೂ ಕೆರೆದುಕೊಳ್ಳಬೇಕಾಗುತ್ತದೆ. ಹೀಗೆ ಬೆನ್ನುಹುರಿ ಒಮ್ಮೆ ಕೆರಳಿ ನಿಂತರೆ, ತೋಳಿನ ಮೇಲೆ ಕಣ್ಣಿಗೆ ಏನೂ ಕಾಣದಿದ್ದರೂ ತುರಿಕೆ ಉಳಿಯಬಹುದು. ಇದನ್ನೂ ನಾನು ಕಣ್ಣು ಮುಚ್ಚಿ ಒಪ್ಪಿಕೊಂಡಿಲ್ಲ. ಹೆಚ್ಚಿನದೆಲ್ಲ ಇಲಿಗಳಲ್ಲಿ ಕಂಡದ್ದು. ಮನುಷ್ಯರಲ್ಲಿ ಎಷ್ಟರ ಮಟ್ಟಿಗೆ ನಿಜ ಎಂಬುದನ್ನು ಇನ್ನೂ ಹುಡುಕುತ್ತಿದ್ದಾರೆ. ಅಕ್ಕನ ಬೆನ್ನುಹುರಿಯನ್ನು ಯಾರೂ ತೆರೆದು ನೋಡಿಲ್ಲ. ಆದರೆ ನಾಗದೋಷಕ್ಕಿಂತ, ಮನಸ್ಸಿನ ಬೇಜಾರಿಗಿಂತ, ಅಂಟುರೋಗಕ್ಕಿಂತ ಇದು ಆಕೆಯ ತೋಳಿಗೆ ಸರಿಯಾಗಿ ಹೊಂದಿತು.

ಮಿಷನ್ನಿನ ಮುಂದೆ ಕುಳಿತು ಇದನ್ನೆಲ್ಲ ಹೇಳಿದೆ. ಅಕ್ಕ ಮರದ ಬಾಚಣಿಗೆಯಿಂದ ತೋಳು ಕೆರೆದುಕೊಳ್ಳುತ್ತಲೇ ಗಮನವಿಟ್ಟು ಕೇಳಿದಳು.

"ಅಂದ್ರೆ ನರ ಅಡ್ಗೆ ಮಾಡೋಳು, ಇವು ಸುತ್ತ ಕೂತಿರೋ ನಾದ್ನೀರು ಅನ್ನು. ಒಲೆ ಆರೋಗಿದ್ರೂ ಊದ್ತಾನೇ ಅವ್ರೆ."

"ಅಂಗೇ ಕಣಕ್ಕ."

"ಇಂಗ್ಲೀಸ್ ಪುಸ್ತ್ಕದಲ್ಲೂ ನಾದ್ನೀರ್ ಕಾಟ ಬರ್ದವ್ರಲ್ಲೋ!" ಎಂದು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅಷ್ಟರಲ್ಲಿ ನನ್ನ ಕೈ ನನಗೆ ತಿಳಿಯದೆಯೇ ನನ್ನ ಕತ್ತನ್ನು ಕೆರೆಯುತ್ತಿತ್ತು. ಆಕೆ ಅದನ್ನು ಕಂಡು ಬಾಚಣಿಗೆಯಿಂದ ತೋರಿಸಿದಳು. "ನೋಡ್ಲಾ, ನಿಂಗೂ ಬಂತು! ಮಾತಿಗೇ ಬತ್ತದೆ ಕಣ ಅದು. ಮುಟ್ಟುದ್ರೆ ಬರಲ್ಲ." ನಗು ನಿಂತ ಮೇಲೆ ಮೆಲ್ಲಗೆ ಕೇಳಿದಳು: "ಇದ್ನ ಯಜಮಾನ್ರಿಗೆ ಹೇಳ್ತೀಯಾ? ಬೇರೇನೂ ಬ್ಯಾಡ. ಹಲ್ಗೆ ಮುಂದೆ ಕೂರ್ಲಿ ಅಂತ ಒಂದ್ ಮಾತು ಅನ್ಲಿ."

ಹೋದೆ. ಯಜಮಾನರು ಅರ್ಧ ಕೇಳಿ ಕೈ ಅಡ್ಡ ಹಿಡಿದರು. "ನೀನು ಯಾವಾಗಯ್ಯ ಡಾಕ್ಟ್ರಾದೆ? ಬೆನ್ನೊಳ್ಗೆ ರೋಗ ಇದ್ರೆ ಕೈ ಯಾಕಯ್ಯ ಕೆರ್ಕೋತಾಳೆ? ಚಡ್ಡಿ ಹೊಲ್ಕೊಂಡಿರು ಓಗು."

ಆಕೆಯನ್ನು ಮೈಸೂರಿಗೆ ಕರೆದುಕೊಂಡು ಹೋದೆ. ಅಲ್ಲಿ ಒಬ್ಬ ಹೆಣ್ಣು ಡಾಕ್ಟರು ತೋಳನ್ನು ನೋಡುವ ಮೊದಲು ಆಕೆಯ ಮಾತನ್ನು ಪೂರ್ತಿ ಕೇಳಿದರು. ಅದೇ ನನಗೆ ಆಶ್ಚರ್ಯ. ಹೊಲಿಗೆ ಹೊರಗಿಟ್ಟ ರವಿಕೆಯನ್ನು ಮುಟ್ಟಿ ನೋಡಿ, "ಇದನ್ನು ಹೊಲಿದವರು ಯಾರು?" ಎಂದು ಕೇಳಿ ನನ್ನತ್ತ ತಲೆಯಾಡಿಸಿದರು. ಚರ್ಮ ವಾಸಿಯಾದ ಮೇಲೂ ನರಗಳ ದಾರಿಯಲ್ಲಿ ತುರಿಕೆ ಉಳಿಯಬಹುದು, ಇದು ಯಾರಿಗೂ ಅಂಟುವುದಿಲ್ಲ ಎಂದರು. ಆಸರೆ ಕೋಶಗಳ ವಿಷಯ ಎತ್ತಿದೆ. ಅವುಗಳನ್ನೇ ಹಿಡಿದು ಸುಮ್ಮನಾಗಿಸುವ ಮಾತ್ರೆ ಇನ್ನೂ ಕೈಗೆ ಬಂದಿಲ್ಲ, ನರಗಳ ಗದ್ದಲ ತಗ್ಗಿಸುವ ಮಾತ್ರೆ ಇದೆ, ನೋಡೋಣ ಎಂದರು. ಮಾತ್ರೆ ಕೆಲಸ ಮಾಡಿತು. ತುರಿಕೆ ಪೂರ್ತಿ ಹೋಗಲಿಲ್ಲ. ಬಾಚಣಿಗೆ ಮಾತ್ರ ತಲೆಗೆ ಹಿಂದಿರುಗಿತು. ಒಂದು ಸಂಜೆ ಅಂಗಡಿಗೆ ಬಂದು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಳು. ಹಾಗೆ ಕೂರಲು ಸಾಧ್ಯವೆಂಬುದನ್ನು ತೋರಿಸಲೆಂದೇ ಬಂದಿದ್ದಳು.

ಆಮೇಲೂ ಊರು ಕರೆಯಲಿಲ್ಲ. ಮದುವೆಗಳಾದವು, ತಿಥಿಗಳಾದವು, ಪ್ರತಿ ಸಲವೂ ಅಕ್ಕ ತಲೆ ಬಾಚಿಕೊಂಡು, ಶುಭ್ರವಾದ ಸೀರೆಯುಟ್ಟು, ಹಲಗೆ ಕಾಣುವಷ್ಟು ದೂರದಲ್ಲಿ ನಿಂತಿರುತ್ತಿದ್ದಳು. ಅಂಟುವುದಿಲ್ಲವೆಂದು ಡಾಕ್ಟರೇ ಹೇಳಿದ್ದಾರೆ ಎಂದು ಯಜಮಾನರಿಗೆ ಮತ್ತೆ ಹೇಳಿದೆ. "ಡಾಕ್ಟ್ರು ಬಂದು ಇಲ್ಲಿ ಉಣ್ಣಲ್ವಲ್ಲ" ಎಂದರು. ಕೆರೆದುಕೊಳ್ಳುವುದು ನಿಂತದ್ದನ್ನು ಕಂಡವರು, ರೋಗ ಒಳಕ್ಕೆ ಇಳಿದಿದೆ ಎಂದರು. ಬೆನ್ನುಹುರಿಯೊಳಗಿನ ಆಸರೆ ಕೋಶಗಳು ಸುಮ್ಮನಾದವೋ ಏನೋ, ಸುತ್ತಲಿನ ಈ ಆಸರೆಯವರು ಸುಮ್ಮನಾಗಲಿಲ್ಲ. ಆರಿದ ಒಲೆಯನ್ನು ಊದುತ್ತಲೇ ಇದ್ದರು.

ಆಕೆ ಸತ್ತ ದಿನ ನಾದಿನಿಯರು ಮೈ ತೊಳೆದು, ನಾನು ಹೊಲಿದುಕೊಟ್ಟಿದ್ದ ಹೊಸ ರವಿಕೆಯನ್ನೇ ತೊಡಿಸಿದರು. ಹೊರಗೆ ತಂದು ಮಲಗಿಸಿದಾಗ ನೋಡಿದೆ: ಹೊಲಿಗೆಗಳು ಒಳಗಿದ್ದವು. ತಿರುವುಮುರುವಾಗಿದೆ ಎಂದುಕೊಂಡು ಸರಿಮಾಡಿದ್ದರು. ತಿರುಗಿಸಿ ತೊಡಿಸಿ ಎಂದು ಗದರಿದೆ. "ಸತ್ ಮ್ಯಾಕೆ ತುರ್ಸ್ತದಾ ಮಾವ? ಓಗೋವಾಗ್ಲಾದ್ರೂ ನೆಟ್ಗೆ ಓಗ್ಲಿ" ಎಂದಳು ನಾದಿನಿ. ಪ್ರೀತಿಯಿಂದಲೇ ಹೇಳಿದಳು. ಆ ಪ್ರೀತಿಯನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ತಿಥಿಯ ಊಟಕ್ಕೆ ಪಿರಿಯಾಪಟ್ಟಣದಿಂದ ಅಡುಗೆಯವರನ್ನು ಕರೆಸಿದ್ದರು. ಅವರು ಕೈಗೆ ಪ್ಲಾಸ್ಟಿಕ್ ಚೀಲ ತೊಟ್ಟು, ಎಣ್ಣೆ ಸವರಿದ ಸ್ಟೀಲ್ ಬಟ್ಟಲಿಗೆ ಹಿಟ್ಟು ತುಂಬಿ ಗುಂಡಗೆ ಮಾಡಿ ಎಲೆಗೆ ಕೆಡವುತ್ತಿದ್ದರು. ಎಲ್ಲ ಒಂದೇ ಅಳತೆ; ಯಾರ ಕೈಯೂ ತಾಗಿರಲಿಲ್ಲ. ಯಜಮಾನರು ನನ್ನ ಎದುರು ಸಾಲಿನಲ್ಲಿ ಕುಳಿತಿದ್ದರು. ಒಂದು ತುತ್ತು ಮುರಿದು ಸಾರಿಗೆ ಅದ್ದಿ ನುಂಗಿ, ಮುಖ ಕಿವುಚಿದರು.

"ಒಳಗೆಲ್ಲ ಗಂಟು. ಕೈ ತಾಗ್ದಿರೋ ಹಿಟ್ಟು ಹಿಟ್ಟೇನಯ್ಯ? ನಿಮ್ಮಕ್ಕ ಕಟ್ಟೋಳು ನೋಡು, ಬೆಣ್ಣೆ! ಆ ಕೈ ಇನ್ನೆಲ್ಲಿ."

"ಕೈ ಇಲ್ಲೇ ಇತ್ತು ಯಜಮಾನ್ರೆ. ನೀವು ಬ್ಯಾಡ ಅಂದ್ರಿ."

ಯಜಮಾನರು ಎಲೆಯಿಂದ ತಲೆ ಎತ್ತಿದರು. "ಸತ್ತೋರ ಎಡೆ ಮುಂದೆ ಅದ್ಯಾಕೀಗ? ಎಲ್ರೂ ಅಂಟ್ಕೊಳದು ಅಂದ್ರು, ನಾನೇನ್ ಮಾಡ್ಲಿ?" ಎಂದರು.

ನಾನು ಎದ್ದು ನಿಂತೆ. ಆಕೆಯ ತುರಿಕೆ ಹೇಗಿತ್ತೆಂದು ಊರಿನಲ್ಲಿ ಯಾರೂ ಒಮ್ಮೆಯೂ ಕೇಳಿರಲಿಲ್ಲ, ನಾನೇ ಹೇಳಿದೆ. ಮೊಣಕೈಯ ಕೆಳಗೆ, ಚರ್ಮದ ಮೇಲಲ್ಲ, ಚರ್ಮದ ಅಡಿಯಲ್ಲಿ, ಕೆಂಜಿಗ ಸಾಲುಗಟ್ಟಿ ಹರಿದಂತೆ. ಮುಂಗೈಯಿಂದ ಹೊರಟು ಮೆಲ್ಲಗೆ ತೋಳೇರಿ, ಕತ್ತಿನ ಹಿಂದೆ ಬಂದು ನಿಂತಂತೆ. ಕೆರೆದರೆ ಒಂದು ಗಳಿಗೆ ಸರಿದು, ಪಕ್ಕದಲ್ಲೇ ಮತ್ತೆ ಏಳುವಂತೆ. ಉಣ್ಣುವಾಗಲೂ, ಮಲಗುವಾಗಲೂ, ಮಗ್ಗುಲು ಬದಲಿಸುವಾಗಲೂ.

ಹೇಳುತ್ತಿದ್ದಂತೆ ಸಾಲಿನ ತುದಿಯಲ್ಲಿ ಒಬ್ಬನ ಎಡಗೈ ಕತ್ತಿಗೆ ಹೋಯಿತು. ಅವನ ಪಕ್ಕದವನು ಮೊಣಕೈ ಉಜ್ಜಿದ. ನೀರಿನ ಚೊಂಬು ಹಿಡಿದಿದ್ದ ನಾದಿನಿ ಅದನ್ನು ಕೆಳಗಿಟ್ಟು ಮುಂಗೈ ಕೆರೆದುಕೊಂಡಳು. ಬಲಗೈಯಲ್ಲಿ ಮುದ್ದೆಯ ತುತ್ತು ಹಿಡಿದ ಪಂಕ್ತಿಗೆ ಪಂಕ್ತಿಯೇ ಎಡಗೈಯಿಂದ ಕೆರೆದುಕೊಳ್ಳುತ್ತಿತ್ತು. ಯಜಮಾನರು ಅಂಗಿಯ ತೋಳನ್ನು ಮೇಲಕ್ಕೆ ಸರಿಸಿ ಉಗುರೂರಿ ಪರಪರನೆ ಕೆರೆದರು. ನಾನು ನೋಡುತ್ತಿದ್ದೇನೆಂದು ಕಂಡೊಡನೆ ಕೈ ನಿಲ್ಲಿಸಿದರು. ನಿಲ್ಲಲಿಲ್ಲ, ಬೆರಳುಗಳು ತಾವಾಗಿಯೇ ಮತ್ತೆ ಅಲ್ಲಿಗೇ ಹೋದವು.

ನಾನು ಎಲೆಯನ್ನು ದಾಟಿ ಅವರ ಎದುರಿಗೆ ಹೋಗಿ ಬಗ್ಗಿ, ಆ ತೋಳನ್ನು ನೋಡಿದೆ. ಒಂದು ಗುಳ್ಳೆಯಿರಲಿಲ್ಲ, ಕಲೆಯಿರಲಿಲ್ಲ.

"ಎಲ್ಲೈತೆ?" ಎಂದೆ. "ತೋರ್ಸಿ ಯಜಮಾನ್ರೆ."